ಅಂಗಳದ ಮಳೆಗೆ ಮನೆಯದೇ ಲೆಕ್ಕ

ಮಾರ್ಚ್‌ನ ಒಂದು ಸಂಜೆ ಮೂಡಿಗೆರೆ, ಸಕಲೇಶಪುರದ ಕಡೆ ಗುಡುಗಿ ಮಳೆ ಸುರಿಯಿತೆಂದರೆ ಅದು ಪೂರ್ತಿ ನಿಲ್ಲುವ ಮೊದಲೇ ತೋಟದಿಂದ ತೋಟಕ್ಕೆ ಫೋನು ಹೋಗುತ್ತದೆ. ‘ನಿಮ್ಮಲ್ಲಿ ಎಷ್ಟಾಯ್ತು?’ ‘ಒಂದು ಇಂಚು ಇಪ್ಪತ್ತು ಸೆಂಟು.’ ‘ನಮ್ಮಲ್ಲಿ ಬರೀ ನಲವತ್ತು ಸೆಂಟು ಮಾರಾಯ್ರೆ, ಗುಡ್ಡದ ಆಚೆಗೇ ಹೋಯ್ತು.’ ಇಂಚಿನ ನೂರನೇ ಒಂದು ಪಾಲಿಗೆ ಕಾಫಿ ಬೆಳೆಗಾರರು ಸೆಂಟು ಅನ್ನುತ್ತಾರೆ. ಹೂಮಳೆ ಒಂದು ಇಂಚಾದರೂ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ನೀರಿರುವವರು ಸ್ಪ್ರಿಂಕ್ಲರ್ ಹಚ್ಚಬೇಕಾಗುತ್ತದೆ. ಹೂವಾದ ಮೇಲೆ ಎರಡು-ಮೂರು ವಾರದೊಳಗೆ ‘ಬ್ಯಾಕಿಂಗ್’ ಮಳೆಯೂ ಬರಬೇಕು. ಅಲ್ಲಿ ಇಪ್ಪತ್ತು ಸೆಂಟು ಹೆಚ್ಚು-ಕಡಿಮೆ ಎಂದರೆ ಡೀಸೆಲ್ ಮತ್ತು ಫಸಲಿನ ಲೆಕ್ಕ.

ಪುತ್ತೂರು, ಸುಳ್ಯ, ಶಿರಸಿ ಕಡೆಯ ಅಡಿಕೆ ಬೆಳೆಗಾರರಲ್ಲೂ ದಿನದ ಮಳೆಯನ್ನು ದಶಕಗಳಿಂದ ಡೈರಿಯಲ್ಲಿ ಬರೆದಿಡುತ್ತ ಬಂದವರಿದ್ದಾರೆ. ಈಚೆಗೆ ಆ ಚಟ ಊರು ದಾಟಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ತಾರಸಿಗಳಿಗೂ ಬಂದಿದೆ. ಬೆಳಿಗ್ಗೆ ಎದ್ದರೆ ಹತ್ತು ಆ್ಯಪ್‌ಗಳು ಹತ್ತು ಬಗೆಯ ಮುನ್ಸೂಚನೆ ಕೊಡುವ ಕಾಲದಲ್ಲಿ ಇವರಿಗೆ ಮನೆಯ ಅಳತೆ ಯಾಕೆ ಬೇಕು?

ಶಿವಮೊಗ್ಗ ಜಿಲ್ಲೆಯನ್ನೇ ನೋಡಬಹುದು. ಆಗುಂಬೆಯ ವಾರ್ಷಿಕ ಸರಾಸರಿ 7 ಸಾವಿರ ಮಿ.ಮೀ. ಮೀರುತ್ತದೆ. ಅದೇ ಜಿಲ್ಲೆಯ ಶಿಕಾರಿಪುರದ ಬಯಲಿನಲ್ಲಿ ಅದು ಸಾವಿರದ ಆಸುಪಾಸು. ‘ಶಿವಮೊಗ್ಗ ಜಿಲ್ಲೆಯಲ್ಲಿ ನಾಳೆ ಭಾರಿ ಮಳೆ’ ಎಂಬ ಒಂದೇ ಸಾಲು ಎರಡೂ ಊರಿಗೆ ಹೋಗುತ್ತದೆ. ಆ ಸಾಲನ್ನು ತಮ್ಮ ಊರಿಗೆ ಹೇಗೆ ಇಳಿಸಿಕೊಳ್ಳಬೇಕು ಎಂಬುದು ತಮ್ಮ ಅಂಗಳದಲ್ಲಿ ಬಿದ್ದದ್ದನ್ನು ಕೆಲವು ಕಾಲ ಅಳೆದವರಿಗೆ ಮಾತ್ರ ಗೊತ್ತಾಗುತ್ತದೆ. ಮುನ್ಸೂಚನೆ ಓದುವ ವಿದ್ಯೆ ಅಳೆಯುವುದರಿಂದ ಶುರುವಾಗುತ್ತದೆ.

ಮೊದಲು ಮಳೆಮಾಪಕ

ಹವಾಮಾನ ಇಲಾಖೆಯ ಮಳೆಮಾಪಕದ ಬಾಯಿಯ ವಿಸ್ತೀರ್ಣ ಸಾಮಾನ್ಯವಾಗಿ 200 ಅಥವಾ 100 ಚದರ ಸೆಂ.ಮೀ. ಇರುತ್ತದೆ. ಇದನ್ನೇ ಮನೆಯಲ್ಲಿ ಅಗ್ಗವಾಗಿ ಮಾಡಿಕೊಳ್ಳಬಹುದು. 16 ಸೆಂ.ಮೀ. ಅಗಲದ ಬಾಯಿಯ ಪ್ಲಾಸ್ಟಿಕ್ ಆಲಿಕೆಯೊಂದು ಸಿಕ್ಕರೆ ಅದರ ವಿಸ್ತೀರ್ಣ ಹೆಚ್ಚುಕಡಿಮೆ 201 ಚದರ ಸೆಂ.ಮೀ. ಆಗುತ್ತದೆ. ಅಂದರೆ ಆಲಿಕೆಯ ಕೆಳಗಿಟ್ಟ ಕ್ಯಾನಿನಲ್ಲಿ ಸೇರಿದ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಅಳೆಯಲು ಔಷಧಿ ಅಂಗಡಿಯ 20 ಮಿ.ಲೀ. ಸಿರಿಂಜ್ ಸಾಕು. ಹತ್ತು ಸಿರಿಂಜ್ ತುಂಬಿ ಮತ್ತೆ 6 ಮಿ.ಲೀ. ಉಳಿದರೆ ಆ ದಿನದ ಮಳೆ 10.3 ಮಿ.ಮೀ. ಆಲಿಕೆಯ ಬಾಯಿ ಬೇರೆ ಅಳತೆಯದಾಗಿದ್ದರೆ ಬಾಯಿಯ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಿ 10ರಿಂದ ಭಾಗಿಸಬೇಕು. ಬರುವ ಉತ್ತರವೇ 1 ಮಿ.ಮೀ. ಮಳೆಗೆ ಬೇಕಾಗುವ ಮಿಲಿಲೀಟರ್.

ನೇರ ಗೋಡೆಯ ಡಬ್ಬಿಯಾದರೆ ಲೆಕ್ಕವೇ ಬೇಡ, ಒಳಗೆ ಸ್ಕೇಲು ಇಳಿಸಿ ನೀರಿನ ಎತ್ತರ ಓದಿದರೆ ಮುಗಿಯಿತು. ಆದರೆ ಎರಡು ಮೂರು ಮಿ.ಮೀ. ಮಳೆಯನ್ನು ಹಾಗೆ ನಿಖರವಾಗಿ ಓದಲಾಗದು. ಬಿಸಿಲಿಗೆ ನೀರು ಆವಿಯಾಗುವುದೂ ಹೆಚ್ಚು. ಪೇಟೆಯಲ್ಲಿ ಸಿಗುವ ಗೀಟು ಹಾಕಿದ ಪ್ಲಾಸ್ಟಿಕ್ ಮಾಪಕಗಳು ಈ ಎರಡೂ ತೊಂದರೆಯನ್ನು ತಕ್ಕಮಟ್ಟಿಗೆ ನೀಗಿಸುತ್ತವೆ.

ಮಾಪಕ ಎಂಥದ್ದು ಎನ್ನುವುದಕ್ಕಿಂತ ಅದನ್ನು ಎಲ್ಲಿ ಇಟ್ಟಿದೆ ಎನ್ನುವುದು ಮುಖ್ಯ. ಇಲಾಖೆಯ ಮಾಪಕದ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಹತ್ತಿರದ ಗೋಡೆ, ಮರ, ನೀರಿನ ಟ್ಯಾಂಕು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು, ನಾಲ್ಕು ಪಟ್ಟಾದರೆ ಇನ್ನೂ ಒಳ್ಳೆಯದು. ತೆಂಗಿನಮರದ ಬುಡದಲ್ಲಿಟ್ಟರೆ ಗರಿಯಿಂದ ಇಳಿಯುವ ನೀರು ಸೇರಿ ಲೆಕ್ಕ ಹಿಗ್ಗುತ್ತದೆ. ತಾರಸಿಯ ಅಂಚಿನಲ್ಲಿಟ್ಟರೆ ಗೋಡೆಗೆ ಬಡಿದು ಮೇಲೇಳುವ ಗಾಳಿ ಹನಿಗಳನ್ನು ಆಚೆ ತಳ್ಳಿ ಲೆಕ್ಕ ಕುಗ್ಗುತ್ತದೆ. ನಗರದಲ್ಲಿ ಬೇರೆ ಜಾಗವಿಲ್ಲದವರು ತಾರಸಿಯ ನಡುಭಾಗವನ್ನೇ ಆರಿಸಿಕೊಂಡು, ಒಮ್ಮೆ ಇಟ್ಟ ಜಾಗವನ್ನು ಬದಲಿಸದಿದ್ದರೆ ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಲಾದರೂ ಬರುತ್ತದೆ.

ಅಳೆಯುವ ಹೊತ್ತು ಬೆಳಿಗ್ಗೆ 8.30. ದೇಶದ ಎಲ್ಲ ಅಧಿಕೃತ ಮಳೆ ಕೇಂದ್ರಗಳೂ ಹಿಂದಿನ ದಿನದ 8.30ರಿಂದ ಈ ದಿನದ 8.30ರವರೆಗೆ ಬಿದ್ದದ್ದನ್ನು ಈ ದಿನದ ತಾರೀಖಿನಲ್ಲಿ ಬರೆಯುತ್ತವೆ. ಸೋಮವಾರ ಸಂಜೆ ಸುರಿದ ಮಳೆ ಮಂಗಳವಾರದ ಸಾಲಿಗೆ ಸೇರುತ್ತದೆ. ಮನೆಯ ಪುಸ್ತಕವೂ ಇದೇ ಪದ್ಧತಿ ಅನುಸರಿಸಿದರೆ ಮುಂದೆ ಇಲಾಖೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಲು ಸುಲಭ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ 2024ರ ಜೂನ್ 2ರಂದು 111.1 ಮಿ.ಮೀ. ಮಳೆಯಾಯಿತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು ಹೊಸ ದಾಖಲೆ. ಮೂವತ್ತು-ನಲವತ್ತರ ಸೈಟು ಸುಮಾರು 111 ಚದರ ಮೀಟರ್. ಆ ಒಂದು ದಿನ ಅಂಥ ಪ್ರತಿಯೊಂದು ಸೈಟಿನ ಮೇಲೂ 12 ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದಿತ್ತು. ಮುರಿದುಬಿದ್ದ ಹಳೆಯ ದಾಖಲೆ 1891ರ ಜೂನ್ 16ರ 101.6 ಮಿ.ಮೀ. ಅಂದು ಯಾರೋ ಒಬ್ಬರು ಮಾಪಕ ಓದಿ ಬರೆದಿಟ್ಟದ್ದರಿಂದಲೇ 133 ವರ್ಷದ ನಂತರ ಹೋಲಿಸಲು ಒಂದು ಅಂಕಿ ಸಿಕ್ಕಿತು.

ಪುಸ್ತಕದಲ್ಲಿ ಏನೇನು?

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಐದಾರು ಕಾಲಂ ಎಳೆದರೆ ಸಾಕು: ತಾರೀಖು, ಮಳೆ, ಗರಿಷ್ಠ-ಕನಿಷ್ಠ ಉಷ್ಣಾಂಶ, ಗಾಳಿ ಬಂದ ದಿಕ್ಕು, ಮಳೆ ಹಿಡಿದ ಮತ್ತು ಬಿಟ್ಟ ಹೊತ್ತು, ಷರಾ. ಮಳೆ ಬಾರದ ದಿನ ‘0’ ಎಂದು ಬರೆಯಲೇಬೇಕು. ಊರಿನಲ್ಲಿ ಇಲ್ಲದೆ ಅಳೆಯಲಾಗದ ದಿನ ಅಡ್ಡಗೀಟು ಎಳೆಯಬೇಕು. ಇವೆರಡನ್ನೂ ಖಾಲಿ ಬಿಟ್ಟರೆ ವರ್ಷದ ಕೊನೆಗೆ ಯಾವುದು ಒಣ ದಿನ, ಯಾವುದು ತಪ್ಪಿದ ದಿನ ಎಂದು ತಿಳಿಯದೆ ಮೊತ್ತವೇ ಕೆಡುತ್ತದೆ. ನೆಲ ಒದ್ದೆಯಾಗಿಯೂ ಅಳತೆಗೆ ಸಿಗದಷ್ಟು ಬಿದ್ದಾಗ ‘ಹನಿ’ ಎಂದು ಗುರುತಿಸಿಕೊಂಡರಾಯಿತು. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’.

ಷರಾ ಕಾಲಂ ಅನ್ನು ಅನೇಕರು ಅಲಕ್ಷಿಸುತ್ತಾರೆ. ಮೊದಲ ಸಿಡಿಲು, ಆಲಿಕಲ್ಲು, ಬೆಳಗಿನ ಮಂಜು, ಬಾವಿಯ ನೀರಿನ ಮಟ್ಟ, ಮಾವು ಹೂ ಬಿಟ್ಟ ದಿನ, ಹಳ್ಳ ಹರಿಯಲು ಶುರುವಾದ ದಿನ ಎಲ್ಲವೂ ಅಲ್ಲಿ ಬರಬೇಕಾದವು. ಕೆಲವು ವರ್ಷ ಕಳೆದ ಮೇಲೆ ‘ಎಷ್ಟು ಮಿ.ಮೀ. ಮಳೆಯಾದರೆ ನಮ್ಮ ಹಳ್ಳ ಹರಿಯುತ್ತದೆ’ ಎಂಬಂಥ ಪ್ರಶ್ನೆಗೆ ಉತ್ತರ ಸಿಗುವುದು ಈ ಕಾಲಂನಿಂದಲೇ.

ಉಷ್ಣಾಂಶ ಅಳೆಯುವುದು ಮಳೆಗಿಂತ ಕಷ್ಟ. ಇಲಾಖೆಯ ಥರ್ಮಾಮೀಟರುಗಳು ಬಿಳಿ ಬಣ್ಣದ, ಜಾಲರಿ ಹಲಗೆಯ ಪೆಟ್ಟಿಗೆಯೊಳಗೆ, ನೆಲದಿಂದ ಒಂದೂಕಾಲು ಮೀಟರಿನ ಆಸುಪಾಸಿನ ಎತ್ತರದಲ್ಲಿರುತ್ತವೆ. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಈ ಪೆಟ್ಟಿಗೆಯ ವಿನ್ಯಾಸ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಅವರದು; ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ತಂದೆ. ಬೇಸಿಗೆ ಬಂತೆಂದರೆ ಕಾರಿನ ಡ್ಯಾಶ್‌ಬೋರ್ಡು 42 ಡಿಗ್ರಿ ತೋರಿಸುವ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಅದು ಕಾದ ಟಾರು ಮತ್ತು ಬಾನೆಟ್ಟಿನ ಬಿಸಿ. ಬೆಂಗಳೂರು ನಗರ ಕೇಂದ್ರ 2016ರ ಏಪ್ರಿಲ್ 24ರಂದು ಹೊಸ ದಾಖಲೆ ಬರೆದಾಗಲೂ ಅಲ್ಲಿನ ಅಂಕಿ 39.2 ಡಿಗ್ರಿ ಇತ್ತು. ಮನೆಯಲ್ಲಿ ಉತ್ತರ ದಿಕ್ಕಿನ, ಗಾಳಿಯಾಡುವ, ಮೇಲೆ ಸೂರು ಇರುವ ಜಾಗ ಹುಡುಕಿ ಗರಿಷ್ಠ-ಕನಿಷ್ಠ ಎರಡನ್ನೂ ನೆನಪಿಡುವ ಡಿಜಿಟಲ್ ಥರ್ಮಾಮೀಟರ್ ತೂಗುಹಾಕಿದರೆ ಸಾಧಾರಣ ಕೆಲಸ ನಡೆಯುತ್ತದೆ.

ಆಕಾಶ, ಗಾಳಿ, ಒತ್ತಡ

ಮೋಡಗಳಿಗೆ ಇಂದು ಜಗತ್ತು ಬಳಸುವ ಸಿರಸ್, ಸ್ಟ್ರೇಟಸ್, ಕ್ಯುಮುಲಸ್ ಎಂಬ ಹೆಸರುಗಳನ್ನು 1802ರಲ್ಲಿ ಸೂಚಿಸಿದ ಲ್ಯೂಕ್ ಹೊವಾರ್ಡ್ ಲಂಡನ್ನಿನ ಔಷಧ ವ್ಯಾಪಾರಿ. ಹವಾಮಾನ ಅವರಿಗೆ ಹವ್ಯಾಸ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮೋಡ ಬೆಳೆಯುವ ಬಗೆಯನ್ನು ಗಮನಿಸುವುದು ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಯಲುಸೀಮೆಯಲ್ಲಿ ಹನ್ನೊಂದು ಗಂಟೆಗೇ ಬಿಳಿ ಮೋಡದ ಗುಡ್ಡೆಗಳು ಎದ್ದು, ಮಧ್ಯಾಹ್ನ ಎರಡರ ಹೊತ್ತಿಗೆ ಅಗಲಕ್ಕಿಂತ ಎತ್ತರ ಹೆಚ್ಚಾಗಿ, ತಲೆ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿದರೆ ಸಂಜೆಗೆ ಗುಡುಗು ಮಳೆಯ ಸಾಧ್ಯತೆ ಜಾಸ್ತಿ. ಮಳೆಗೆ ಮುಂಚೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿ ದೂಳು ಎದ್ದರೆ, ಹತ್ತಿರದಲ್ಲೆಲ್ಲೋ ಮಳೆ ಇಳಿದು ಅಲ್ಲಿನ ತಂಪು ಗಾಳಿ ನೆಲದ ಮೇಲೆ ಹರಿದು ಬಂದಿದೆ ಎಂದರ್ಥ. ಆ ಮಳೆ ತಮ್ಮ ಮನೆಗೂ ಬಂದೇ ಬರುತ್ತದೆ ಎನ್ನುವಂತಿಲ್ಲ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಎಣಿಕೆ ಮೂವತ್ತರ ಒಳಗೆ ಬಂದರೆ ಅದು ಹತ್ತು ಕಿ.ಮೀ. ಒಳಗಿದೆ, ಮಾಪಕ, ಮೋಡ ಎಲ್ಲ ಬಿಟ್ಟು ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ತೋಟಕ್ಕೆ, ತಾರಸಿಗೆ ಹೋಗಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ನಕ್ಷೆಯ ಮೇಲೆ ತೋರಿಸುತ್ತದೆ.

ಈಗಿನ ಅನೇಕ ಮೊಬೈಲ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ನೋಡತೊಡಗಿದ ಹೊಸಬರು ಮಧ್ಯಾಹ್ನ ಒತ್ತಡ ಮೂರು ಹೆಕ್ಟೊಪಾಸ್ಕಲ್ ಕುಸಿದದ್ದು ಕಂಡು ಚಂಡಮಾರುತವೇ ಬಂತೆಂದು ಗಾಬರಿಯಾಗುವುದುಂಟು. ನಮ್ಮಂಥ ಉಷ್ಣವಲಯದಲ್ಲಿ ಒತ್ತಡ ಪ್ರತಿದಿನ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಏರು. ಮಧ್ಯಾಹ್ನ ನಾಲ್ಕು, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಇಳಿತ. ಹೀಗಾಗಿ ಇಂದಿನ ನಾಲ್ಕು ಗಂಟೆಯ ಅಂಕಿಯನ್ನು ನಿನ್ನೆಯ ನಾಲ್ಕು ಗಂಟೆಯ ಅಂಕಿಯ ಜೊತೆಗೇ ಹೋಲಿಸಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀ. ಎತ್ತರದ ಬೆಂಗಳೂರಿನಲ್ಲಿ ಮೊಬೈಲ್ 910ರ ಆಸುಪಾಸು ತೋರಿಸಿದರೆ ಅದೂ ಸಹಜವೇ. ಮಂಗಳೂರಿನ ಸಾವಿರಕ್ಕೂ ಮೇಲಿನ ಅಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಎತ್ತರದ್ದು.

ಮಳೆ ನಕ್ಷತ್ರದ ಲೆಕ್ಕ

ಪಂಚಾಂಗದ ಮಳೆ ನಕ್ಷತ್ರಗಳನ್ನು ಬಿಟ್ಟು ಕರ್ನಾಟಕದ ಮಳೆಯ ಮಾತು ಮುಗಿಯುವುದಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನವನ್ನು ಆ ಮಳೆಯ ಕಾಲ ಎಂದು ರೈತರು ಲೆಕ್ಕ ಹಿಡಿಯುತ್ತಾರೆ. ಭರಣಿ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರೆ ಜೂನ್ 22ಕ್ಕೆ, ಹಸ್ತ ಸೆಪ್ಟೆಂಬರ್ 27ರ ಹೊತ್ತಿಗೆ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತುಗಳು ಬಿತ್ತನೆಯ ಹದವನ್ನು ನೆನಪಿಡಲು ಹುಟ್ಟಿಕೊಂಡವು.

ಹವ್ಯಾಸಿಗೆ ಇದರಲ್ಲಿ ಒಂದು ಅನುಕೂಲವಿದೆ. ತಿಂಗಳಿಗಿಂತ ಹದಿನಾಲ್ಕು ದಿನದ ತುಂಡು ಬಿತ್ತನೆ, ನಾಟಿ, ಕಳೆ, ಕೊಯ್ಲುಗಳಿಗೆ ಹೆಚ್ಚು ಹೊಂದುತ್ತದೆ. ಮನೆಯ ಮಳೆ ಪುಸ್ತಕದಲ್ಲಿ ತಿಂಗಳ ಮೊತ್ತದ ಪಕ್ಕದಲ್ಲೇ ನಕ್ಷತ್ರವಾರು ಮೊತ್ತವನ್ನೂ ಹಾಕುತ್ತ ಹೋದರೆ ಯಾವ ಮಾತು ತಮ್ಮ ಊರಿನಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಅಂಕಿಯಲ್ಲೇ ಕಾಣುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ಉದ್ದ. ಆದ್ದರಿಂದ ಸುಮಾರು 70 ವರ್ಷಕ್ಕೊಂದು ದಿನದಂತೆ ನಕ್ಷತ್ರಗಳು ಋತುವಿಗಿಂತ ಹಿಂದೆ ಬೀಳುತ್ತ ಬಂದಿವೆ. ಏಳುನೂರು ವರ್ಷದ ಹಿಂದಿನ ರೋಹಿಣಿ ಇಂದಿಗಿಂತ ಹತ್ತು ದಿನ ಮೊದಲೇ ಹುಟ್ಟುತ್ತಿತ್ತು. ತೀರ ಹಳೆಯ ಮಾತುಗಳನ್ನು ಈಗಿನ ಮಳೆಗೆ ಹೊಂದಿಸುವಾಗ ಇದು ನೆನಪಿರಬೇಕು.

ಇಲಾಖೆಯ ಮಾತಿನ ಅರ್ಥ

ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಪ್ರತಿ ಪದಕ್ಕೂ ನಿಗದಿಯಾದ ಅಳತೆ ಇದೆ. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ, 64.4ರವರೆಗೆ ಸಾಧಾರಣ, 64.5ರಿಂದ 115.5ರವರೆಗೆ ಭಾರಿ, 115.6ರಿಂದ 204.4ರವರೆಗೆ ಅತಿ ಭಾರಿ, ಅದರ ಮೇಲಿನದು ಅತ್ಯಂತ ಭಾರಿ. ಮಲೆನಾಡಿನವರು ಮಾಮೂಲಿ ಅಂದುಕೊಳ್ಳುವ ಮಳೆ ಚಿತ್ರದುರ್ಗದವರ ಪಾಲಿಗೆ ವರ್ಷಕ್ಕೊಮ್ಮೆಯೂ ಕಾಣದ ‘ಭಾರಿ’ ಆಗಿರಬಹುದು.

ಎಷ್ಟು ಮಳೆ ಎನ್ನುವಷ್ಟೇ ಮುಖ್ಯವಾದದ್ದು ಎಷ್ಟು ಕಡೆ ಎನ್ನುವುದು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ‘ಒಂದೆರಡು ಕಡೆ ಭಾರಿ ಮಳೆ’ ಎಂಬ ಮುನ್ಸೂಚನೆ ಬಂದ ದಿನ ನಾಲ್ಕರಲ್ಲಿ ಮೂರು ಊರು ಒಣಗಿದ್ದರೂ ಇಲಾಖೆಯ ಮಾತು ಸುಳ್ಳಾಗಿರುವುದಿಲ್ಲ. ಟಿ.ವಿ. ಪರದೆಯ ಮೇಲೆ ಬರುವಾಗ ಈ ‘ಒಂದೆರಡು ಕಡೆ’ ಬಿದ್ದುಹೋಗಿ ‘ಭಾರಿ ಮಳೆ’ ಮಾತ್ರ ಉಳಿಯುತ್ತದೆ. ಮೂಲ ಪ್ರಕಟಣೆಯನ್ನೇ ಓದುವ ಅಭ್ಯಾಸ ಬೇಕಾಗುವುದು ಇದಕ್ಕೇ.

ಬಣ್ಣಗಳದ್ದೂ ಇದೇ ಕಥೆ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬರೀ ಮಳೆಯ ಪ್ರಮಾಣವಷ್ಟೇ ಅಲ್ಲದೆ ಅದರಿಂದ ಆಗಬಹುದಾದ ತೊಂದರೆಯನ್ನೂ ತೂಗಿ ಬಣ್ಣ ಕೊಡುತ್ತಾರೆ.

ಉಪಗ್ರಹ, ರಾಡಾರ್, ಮಾಡೆಲ್

ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳು ತೆಗೆದ ಮೋಡದ ಚಿತ್ರಗಳು ಇಲಾಖೆಯ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ರಾತ್ರಿಯೂ ಕಾಣುವ ಇನ್‌ಫ್ರಾರೆಡ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು ಮೋಡದ ತಣ್ಣನೆಯ ತುದಿ. ಬೇಸಿಗೆಯ ಗುಡುಗು ಮೋಡಗಳು ಇದರಲ್ಲಿ ಎದ್ದು ಕಾಣುತ್ತವೆ. ಜುಲೈನಲ್ಲಿ ಕರಾವಳಿಯ ಮೇಲೆ ಕವಿಯುವ, ಅಷ್ಟು ಎತ್ತರವಿಲ್ಲದ ಮಳೆ ಮೋಡಗಳು ಮಂಕಾಗಿ ಕಾಣಬಹುದು. ಚಿತ್ರ ಮಂಕಾಗಿದೆ ಎಂದು ಉಡುಪಿಯವರು ಕೊಡೆ ಬಿಟ್ಟು ಹೊರಟರೆ ನೆನೆಯುತ್ತಾರೆ.

ರಾಡಾರ್ ನೇರವಾಗಿ ಮಳೆ ಹನಿಗಳನ್ನೇ ನೋಡುತ್ತದೆ. ಆದರೆ ಅದರ ಕಿರಣ ನೇರಕ್ಕೆ ಹೋಗುತ್ತದೆ, ಭೂಮಿ ಬಾಗಿದೆ. ಚೆನ್ನೈನ ರಾಡಾರಿನಿಂದ ಹೊರಟ ಕಿರಣ ಬೆಂಗಳೂರಿನ ಮೇಲೆ ಬರುವಷ್ಟರಲ್ಲಿ ನೆಲದಿಂದ ಹಲವು ಕಿಲೋಮೀಟರ್ ಎತ್ತರಕ್ಕೆ ಏರಿರುತ್ತದೆ. ಅಷ್ಟೆತ್ತರ ಬೆಳೆದ ಗುಡುಗು ಮೋಡ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಕೆಳಗೇ ಸುರಿಯುವ ಸೋನೆ ಬೀಳುವುದಿಲ್ಲ. ಉತ್ತರ ಕನ್ನಡ, ಬೆಳಗಾವಿಯವರಿಗೆ ಗೋವಾದ ರಾಡಾರ್ ಹತ್ತಿರ.

ಮುಂದಿನ ದಿನಗಳ ಮಳೆಯನ್ನು ಲೆಕ್ಕ ಹಾಕುವುದು ಕಂಪ್ಯೂಟರ್ ಮಾಡೆಲ್‌ಗಳು. ವಿಂಡಿಯಂಥ ಆ್ಯಪ್‌ಗಳಲ್ಲಿ ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯೂಎಫ್ ಎರಡನ್ನೂ ಅಕ್ಕಪಕ್ಕ ನೋಡಬಹುದು. ಮಾಡೆಲ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಂಡು ಲೆಕ್ಕ ಮಾಡುತ್ತದೆ. ಜಿಎಫ್‌ಎಸ್‌ನ ಚೌಕ ಸುಮಾರು 13 ಕಿ.ಮೀ., ಯುರೋಪಿನದು 9 ಕಿ.ಮೀ. ಭಾರತ 2025ರ ಮೇ 26ರಂದು ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನದು 6 ಕಿ.ಮೀ. ಆಗುಂಬೆಯೂ ಹದಿನಾಲ್ಕು ತಿರುವಿನ ಘಾಟಿ ಇಳಿದರೆ ಸಿಗುವ ಸೋಮೇಶ್ವರವೂ ದೊಡ್ಡ ಚೌಕದ ಮಾಡೆಲ್‌ನಲ್ಲಿ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ಆಗ ಘಾಟಿಯ ಎತ್ತರ ಮಾಡೆಲ್‌ನಲ್ಲಿ ಸವೆದು ದಿಬ್ಬವಾಗುತ್ತದೆ, ಘಟ್ಟದ ಅಂಚಿನ ಮಳೆಯ ಅಂದಾಜು ತಪ್ಪುತ್ತದೆ.

ಎರಡು ಮೂರು ದಿನದ ಮುನ್ಸೂಚನೆಯಲ್ಲಿ ಎರಡೂ ಮಾಡೆಲ್ ಒಂದೇ ಮಾತು ಹೇಳಿದರೆ ನೆಚ್ಚಿಕೆ ಹೆಚ್ಚು. ಒಂದು ವಾರದಾಚೆ ‘ಇಂಥ ದಿನ ಇಂಥ ಊರಿನಲ್ಲಿ ಇಷ್ಟು ಮಿ.ಮೀ.’ ಎಂದು ಆ್ಯಪ್ ತೋರಿಸುವ ಅಂಕಿಯನ್ನು ಮದುವೆ ಚಪ್ಪರಕ್ಕೆ ನಂಬಿಕೊಳ್ಳುವಂತಿಲ್ಲ. ಅದರಲ್ಲಿ ಹಿಡಿಯಬೇಕಾದದ್ದು ಗಾಳಿಯ ದಿಕ್ಕು, ವಾಯುಭಾರ ಕುಸಿತದ ಸುಳಿವುಗಳನ್ನು ಮಾತ್ರ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಅವಶೇಷ ಒಳನಾಡನ್ನು ದಾಟಿ ಬಂದು ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿಯಲ್ಲೂ ಮಳೆ ಸುರಿಸಿತು. ಅಂಗಳದಲ್ಲಿ ಅಡಿಕೆ ಹರವಿದ್ದವರಿಗೆ ಅಂಥ ಎರಡು ದಿನದ ಮುನ್ಸುಳಿವೇ ದೊಡ್ಡದು.

ಮುಂಗಾರಿನ ನಾಲ್ಕು ತಿಂಗಳು

ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ. ಮಳೆ ಬಂದ ಮಾತ್ರಕ್ಕೆ ಇಲಾಖೆ ಇದನ್ನು ಘೋಷಿಸುವುದಿಲ್ಲ. ಮೇ 10ರ ನಂತರ, ಗೊತ್ತುಮಾಡಿದ 14 ಕೇಂದ್ರಗಳಲ್ಲಿ ಶೇ 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆ ಬೀಳಬೇಕು. ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ, ಸಾಕಷ್ಟು ವೇಗದಲ್ಲಿ ಬೀಸುತ್ತಿರಬೇಕು. ಮೋಡದ ದಟ್ಟಣೆಯನ್ನು ಉಪಗ್ರಹದ ಅಳತೆ ಖಚಿತಪಡಿಸಬೇಕು. ಹೆಚ್ಚಿನ ಕೇಂದ್ರಗಳು ಕೇರಳ, ಲಕ್ಷದ್ವೀಪದಲ್ಲಿವೆ. ಅವುಗಳ ಸಾಲಿನಲ್ಲಿ ಮಂಗಳೂರೂ ಇದೆ.

ಮುಂಗಾರು ಒಮ್ಮೆ ಹಿಡಿದ ಮೇಲೆ ಗಮನಿಸಬೇಕಾದವು ಎರಡು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಒಡಿಶಾದ ಕಡೆ ಸರಿದರೆ ಅರಬ್ಬಿ ಸಮುದ್ರದ ಗಾಳಿ ಬಿರುಸಾಗಿ ಕರಾವಳಿ, ಮಲೆನಾಡಿನಲ್ಲಿ ಜಡಿಮಳೆ ಹಿಡಿಯುತ್ತದೆ. ಉತ್ತರ ಬಯಲಿನ ಮುಂಗಾರು ದ್ರೋಣಿ ಹಿಮಾಲಯದ ಬುಡಕ್ಕೆ ಸರಿದರೆ ಇಲ್ಲಿ ಮಳೆ ಬಿಡುವು ಕೊಡುತ್ತದೆ. ಮಲೆನಾಡಿನವರು ಹೊಳವು ಅನ್ನುವ ಆ ದಿನಗಳಲ್ಲೇ ಬೆಂಗಳೂರು, ಕೋಲಾರದ ಕಡೆ ಸಂಜೆ ಗುಡುಗು ಮಳೆ ಹೆಚ್ಚಾಗುವುದುಂಟು.

ಏಪ್ರಿಲ್‌ನಲ್ಲಿ ಬರುವ ಇಡೀ ಋತುವಿನ ಮುನ್ಸೂಚನೆಯನ್ನು ಬೇರೆಯೇ ಬಗೆಯಲ್ಲಿ ಓದಬೇಕು. ದೇಶದ ಜೂನ್-ಸೆಪ್ಟೆಂಬರ್ ಸರಾಸರಿ 87 ಸೆಂ.ಮೀ.; ಅದರ ಶೇ 96ರಿಂದ 104ರವರೆಗಿನದು ‘ವಾಡಿಕೆ’. 2023ರಲ್ಲಿ ಇಲಾಖೆ ಶೇ 96 ಎಂದಿತ್ತು, ಬಂದದ್ದು ಶೇ 94. 2025ರಲ್ಲಿ ಶೇ 105 ಎಂದಿತ್ತು, ಬಂದದ್ದು ಶೇ 108. ದೇಶದ ಮಟ್ಟಿಗೆ ಇದು ಒಳ್ಳೆಯ ಅಂದಾಜೇ. ಆದರೆ ಎಲ್ ನಿನೊ ಕಾಡಿದ 2023ರ ಆಗಸ್ಟ್ 1901ರಿಂದೀಚೆಗೆ ದೇಶದ ಅತ್ಯಂತ ಒಣ ಆಗಸ್ಟ್ ಆಯಿತು, ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತ ಎನಿಸಿಕೊಂಡವು. ಶೇ 96 ಎಂಬ ಅಂಕಿಯಲ್ಲಿ ಯಾವ ತಾಲ್ಲೂಕಿನ ಗತಿಯೂ ಕಾಣುವುದಿಲ್ಲ.

ಮುನ್ಸೂಚನೆಗೂ ಮಾರ್ಕು

ಅಳತೆಯ ಪುಸ್ತಕ ಮೂರು ತಿಂಗಳು ತುಂಬಿದ ಮೇಲೆ ಹವ್ಯಾಸದ ನಿಜವಾದ ಸ್ವಾರಸ್ಯ ಶುರು. ದಿನವೂ ರಾತ್ರಿ ಒಂದೇ ಹೊತ್ತಿಗೆ, ಒಂದೇ ಮೂಲದ ಮುನ್ಸೂಚನೆ ನೋಡಿ ‘ನಾಳೆ ಮಳೆ’ ಅಥವಾ ‘ನಾಳೆ ಇಲ್ಲ’ ಎಂದು ಮೊದಲೇ ಬರೆದಿಡಬೇಕು. ಮಾರನೆಯ ದಿನದ ಮಳೆ ಅಳೆದು ಪಕ್ಕದಲ್ಲಿ ಬರೆಯಬೇಕು. 2.5 ಮಿ.ಮೀ. ಮುಟ್ಟಿದರೆ ಮಳೆ, ಇಲ್ಲವಾದರೆ ಇಲ್ಲ.

ಉದಾಹರಣೆಗೆ, 30 ದಿನದಲ್ಲಿ ಒಂದು ಆ್ಯಪ್ 12 ದಿನ ಮಳೆ ಎಂದಿತು ಎಂದುಕೊಳ್ಳೋಣ. ಅದರಲ್ಲಿ 8 ದಿನ ಬಂತು, 4 ದಿನ ಬರಲಿಲ್ಲ. ಇಲ್ಲ ಎಂದ 18 ದಿನಗಳಲ್ಲಿ 4 ದಿನ ಬಂದುಬಿಟ್ಟಿತು, 14 ದಿನ ಒಣಗಿತ್ತು. ಒಟ್ಟು 22 ದಿನ ಸರಿ. ಬಂದ ಹನ್ನೆರಡು ಮಳೆಯಲ್ಲಿ ಎಂಟನ್ನು ಹಿಡಿಯಿತು. ಹೇಳಿದ ಹನ್ನೆರಡರಲ್ಲಿ ನಾಲ್ಕು ಹುಸಿ. ಈ ಎರಡು ಅಂಕಿಗಳಲ್ಲಿ ಯಾವುದು ಮುಖ್ಯ ಎಂಬುದು ಕೆಲಸದ ಮೇಲೆ ಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಅಡಿಕೆ ಬೆಳೆಗಾರರಿಗೆ ತಪ್ಪಿಹೋದ ಮಳೆ ದುಬಾರಿ, ಬಿಟ್ಟ ಮದ್ದು ಒಣಗುವ ಮೊದಲೇ ತೊಳೆದುಹೋಗುತ್ತದೆ. ಮಳೆ ನೆಚ್ಚಿ ಬಿತ್ತಿದ ರಾಗಿ ಬೆಳೆಗಾರರಿಗೆ ಹುಸಿ ಮಳೆ ದುಬಾರಿ.

ಇಲ್ಲೊಂದು ಬಲೆಯೂ ಇದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಪ್ರತಿದಿನ ಕಣ್ಣುಮುಚ್ಚಿ ‘ನಾಳೆ ಮಳೆ’ ಎಂದರೂ ಬಹುಪಾಲು ದಿನ ಸರಿಯಾಗುತ್ತದೆ. ಫೆಬ್ರುವರಿಯ ಕಲಬುರಗಿಯಲ್ಲಿ ‘ಮಳೆಯಿಲ್ಲ’ ಎನ್ನುವುದಕ್ಕೂ ಜಾಣತನ ಬೇಡ. ಆದ್ದರಿಂದ ಆ್ಯಪ್‌ನ ಅಂಕದ ಜೊತೆಗೆ ‘ನಾಳೆಯೂ ಇವತ್ತಿನಂತೆಯೇ’ ಎಂಬ ಸುಲಭದ ಊಹೆಯ ಅಂಕವನ್ನೂ ಲೆಕ್ಕ ಹಾಕಬೇಕು. ಈ ಊಹೆಯನ್ನು ಸೋಲಿಸದ ಮುನ್ಸೂಚನೆಯಿಂದ ಆ ಊರಿಗೆ, ಆ ತಿಂಗಳಿಗೆ ಪ್ರಯೋಜನವಿಲ್ಲ. ಪರೀಕ್ಷೆ ಮಾಡಲು ತಕ್ಕ ಕಾಲ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್; ಮಳೆ ಬಂದರೂ ಬಂತು, ಬಾರದಿದ್ದರೂ ಇಲ್ಲ ಎಂಬ ತಿಂಗಳುಗಳು.

ಪಕ್ಕದ ಪಂಚಾಯಿತಿಯ ಜೊತೆ ತಾಳೆ

ಈ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾಗಿ ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ಗಾಳಿ, ತೇವಾಂಶ ಅಳೆಯುವ ಕೇಂದ್ರಗಳಿವೆ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನು ಮಾಡಿ ಊರಿನ ಹೆಸರು ಹೇಳಿದರೆ ಅಲ್ಲಿನ ಮಳೆಯ ಮಾಹಿತಿ ಸಿಗುತ್ತದೆ. ಮನೆಯ ಮಾಪಕಕ್ಕೂ ಹತ್ತಿರದ ಪಂಚಾಯಿತಿಯ ಮಾಪಕಕ್ಕೂ ಬೇಸಿಗೆಯ ಗುಡುಗು ಮಳೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಇಡೀ ಜುಲೈ ತಿಂಗಳ ಮೊತ್ತದಲ್ಲೂ ಅಷ್ಟೇ ವ್ಯತ್ಯಾಸವಿದ್ದರೆ ಆಲಿಕೆಯಲ್ಲಿ ಎಲೆ ಕಟ್ಟಿದೆಯೇ, ಕ್ಯಾನು ಸೋರುತ್ತಿದೆಯೇ, ಪಕ್ಕದ ನುಗ್ಗೆಮರ ಬೆಳೆದು ಅಡ್ಡ ಬಂದಿದೆಯೇ ಎಂದು ನೋಡಬೇಕು.

ತಾವು ಕಂಡದ್ದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುವಾಗ ಅಳತೆ ಬೇರೆ, ಊಹೆ ಬೇರೆ ಇರಬೇಕು. ‘ನಮ್ಮಲ್ಲಿ 8.30ಕ್ಕೆ 62.4 ಮಿ.ಮೀ.’ ಎಂಬ ಸಾಲು ಎಲ್ಲರಿಗೂ ಉಪಯೋಗ. ಪ್ರವಾಹ, ಭೂಕುಸಿತ, ಚಂಡಮಾರುತದ ಎಚ್ಚರಿಕೆಯನ್ನು ಮಾತ್ರ ಇಲಾಖೆಯ ಮೂಲ ಪ್ರಕಟಣೆಯಿಂದಲೇ, ತಾರೀಖು ಮತ್ತು ಹೊತ್ತು ಸಮೇತ ಹಂಚಬೇಕು. ಹೋದ ವರ್ಷದ ರೆಡ್ ಅಲರ್ಟ್ ಈ ವರ್ಷ ಮತ್ತೆ ಓಡಾಡುವುದು ತಾರೀಖು ಕತ್ತರಿಸಿದ ಫೋಟೊಗಳಿಂದ.

ಹೊಸದಾಗಿ ಶುರುಮಾಡುವವರು ಮುಂಗಾರಿಗೆ ಕಾಯುವುದಕ್ಕಿಂತ ಜನವರಿಯಲ್ಲೇ ಮಾಪಕ ನೆಡುವುದು ಒಳ್ಳೆಯದು. ಎರಡು ತಿಂಗಳು ಬರೀ ಸೊನ್ನೆ ಬರೆಯಬೇಕಾಗಬಹುದು. ಅಷ್ಟರಲ್ಲಿ 8.30ರ ಅಭ್ಯಾಸ ಕೂರುತ್ತದೆ, ಮಾಪಕದ ಜಾಗ ಸರಿಯಿಲ್ಲದಿದ್ದರೆ ಬದಲಿಸಲೂ ಹೊತ್ತಿರುತ್ತದೆ. ಮಾರ್ಚ್-ಏಪ್ರಿಲ್‌ನ ಮೊದಲ ಗುಡುಗು ಮಳೆಗೆ ಸಿರಿಂಜ್ ಹಿಡಿಯುವ ಕೈ ಪಳಗಿರುತ್ತದೆ.